ಕರಗುವ ಹಿಮ, ಕಾಣುವ ಇತಿಹಾಸ

ಗೌರಿಬಿದನೂರಿನ ಬಳಿ ನೆಲಕ್ಕೆ ಕಿವಿಯಿಟ್ಟು ಕುಳಿತಿರುವ ಒಂದು ಕೇಂದ್ರವಿದೆ. ಸಾವಿರಾರು ಕಿಲೋಮೀಟರ್ ಆಚೆ ಭೂಮಿ ಕಂಪಿಸಿದರೂ, ಯಾವುದೋ ದೇಶ ನೆಲದಡಿಯಲ್ಲಿ ಅಣುಬಾಂಬಿನ ಪರೀಕ್ಷೆ ನಡೆಸಿದರೂ ಅದರ ಅಲೆಗಳನ್ನು ಇಲ್ಲಿನ ಉಪಕರಣಗಳು ಹಿಡಿಯುತ್ತವೆ. ಈ ಭೂಕಂಪಮಾಪಕಗಳ ಜಾಲ ಸ್ಥಾಪನೆಯಾದದ್ದು 1965ರಲ್ಲಿ. ಸ್ಥಾಪಿಸಿದ್ದು ಟ್ರಾಂಬೆಯ ಅಣುಶಕ್ತಿ ಸಂಸ್ಥೆ. ಆಗ ಅದರ ಮುಖ್ಯಸ್ಥರಾಗಿದ್ದವರು ಡಾ. ಹೋಮಿ ಜಹಾಂಗೀರ್ ಭಾಭಾ. ಮುಂದಿನ ವರ್ಷವೇ, 1966ರ ಜನವರಿ 24ರಂದು, ಭಾಭಾ ಪ್ರಯಾಣಿಸುತ್ತಿದ್ದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನ ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. 1967ರಲ್ಲಿ ಟ್ರಾಂಬೆಯ ಸಂಸ್ಥೆಗೆ ಭಾಭಾ ಅವರ ಹೆಸರನ್ನೇ ಇಡಲಾಯಿತು.

ವಿಮಾನದ ಚೂರುಗಳು ಹಿಮದಲ್ಲಿ ಹುದುಗಿಹೋದವು. ಆದರೆ ಹಿಮ ಅವನ್ನು ಶಾಶ್ವತವಾಗಿ ಇಟ್ಟುಕೊಳ್ಳಲಿಲ್ಲ. 46 ವರ್ಷಗಳ ನಂತರ, 2012ರ ಆಗಸ್ಟಿನಲ್ಲಿ, ಆ ಪರ್ವತದ ಇಳಿಜಾರಿನಲ್ಲಿ ಒಂದು ಸೆಣಬಿನ ಚೀಲ ಸಿಕ್ಕಿತು. ಅದರ ಮೇಲೆ ಭಾರತದ ವಿದೇಶಾಂಗ ಖಾತೆಯ ಹೆಸರಿತ್ತು; ಒಳಗೆ 1966ರ ಜನವರಿಯ ಪತ್ರಿಕೆಗಳಿದ್ದವು. 2013ರಲ್ಲಿ ಪರ್ವತಾರೋಹಿಯೊಬ್ಬನಿಗೆ ಪಚ್ಚೆ, ನೀಲ, ಕೆಂಪುಗಳಿದ್ದ ಪೆಟ್ಟಿಗೆ ದೊರೆಯಿತು. ಆತ ಅದನ್ನು ಜೇಬಿಗಿಳಿಸದೆ ಪೊಲೀಸರಿಗೆ ಒಪ್ಪಿಸಿದ. 2020ರಲ್ಲಿ ಮತ್ತಷ್ಟು ಪತ್ರಿಕೆಗಳು ಹೊರಬಂದವು. ಇಂದಿರಾ ಗಾಂಧಿ ಪ್ರಧಾನಿಯಾಗಲಿರುವ ಸುದ್ದಿ ಅವುಗಳ ಮುಖಪುಟದಲ್ಲಿತ್ತು. ಒದ್ದೆ ಕಾಗದವನ್ನು ಒಣಗಿಸಿದಾಗ ಅಕ್ಷರಗಳನ್ನು ಇನ್ನೂ ಓದಬಹುದಿತ್ತು. ಮಳೆಗಾಲದಲ್ಲಿ ಜಗಲಿಯ ಮೇಲೆ ಮರೆತ ಪತ್ರಿಕೆ ವಾರದೊಳಗೆ ಮುದ್ದೆಯಾಗುತ್ತದೆ. ಹಿಮದೊಳಗೆ ಅದು 54 ವರ್ಷ ಬಾಳಿತು.

ಐವತ್ತು ವರ್ಷ ಇಡಬಲ್ಲ ಹಿಮ ಐದು ಸಾವಿರ ವರ್ಷವೂ ಇಡಬಲ್ಲುದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬೆಳೆದಿರುವ ಶಾಖೆಯೇ ಹಿಮದ ಪುರಾತತ್ವ. ಚಿಕ್ಕಬಳ್ಳಾಪುರದ ಮಕ್ಕಳಿಗೆ ಮಂಜೆಂದರೆ ನಂದಿಬೆಟ್ಟದ ಬೆಳಗಿನ ಮಂಜು, ಬಿಸಿಲೇರಿದರೆ ಮಾಯ. ಆದರೂ ಹಿಮದ ಪುರಾತತ್ವ ಕಲಿಸುವ ಪಾಠ ಈ ನಾಲ್ಕು ತಾಲ್ಲೂಕುಗಳ ಹೊಲಗದ್ದೆಗಳಿಗೂ ಅನ್ವಯಿಸುತ್ತದೆ.

ಹರಿಯುವ ಹಿಮ, ನಿಂತ ಹಿಮ

ಎತ್ತರದ ಪರ್ವತಗಳಲ್ಲಿ ವರ್ಷವರ್ಷವೂ ಬೀಳುವ ಹಿಮ ಪದರದ ಮೇಲೆ ಪದರವಾಗಿ ಕೂರುತ್ತದೆ. ಮೇಲಿನ ಭಾರಕ್ಕೆ ಕೆಳಗಿನದು ಗಟ್ಟಿ ನೀರ್ಗಲ್ಲಾಗುತ್ತದೆ. ಈ ರಾಶಿ ತಕ್ಕಷ್ಟು ದಪ್ಪವಾದಾಗ ತನ್ನ ಭಾರಕ್ಕೆ ತಾನೇ ಇಳಿಜಾರಿನಲ್ಲಿ ಸರಿಯತೊಡಗುತ್ತದೆ. ತಟ್ಟೆಯಲ್ಲಿ ಜೋನಿಬೆಲ್ಲ ಹಾಕಿ ಓರೆಯಾಗಿ ಹಿಡಿದರೆ ಅದು ನಿಧಾನವಾಗಿ ಜರುಗುವುದಿಲ್ಲವೆ? ಹಾಗೆಯೇ ಇದು. ಇದನ್ನೇ ಹಿಮನದಿ ಎನ್ನುವುದು. ಮೇಲೆ ಬಿದ್ದ ವಸ್ತುವನ್ನು ಅದು ಒಡಲಲ್ಲಿ ಹೊತ್ತು ತಂದು, ತಾನು ಕರಗುವ ತಪ್ಪಲಿನಲ್ಲಿ ಇಳಿಸುತ್ತದೆ. ಕಾಂಚನಜುಂಗಾದ ಪತ್ರಿಕೆಗಳು ಕೆಳಗೆ ಬಂದದ್ದು ಹೀಗೆ.

ಹರಿಯುವ ಹಿಮಕ್ಕೆ ಎರಡು ದೋಷಗಳಿವೆ. ಅದು ತನ್ನೊಳಗಿನದನ್ನು ಹೊಸಕಿ ಮುರಿಯುತ್ತದೆ. ಅಲ್ಲದೆ ಸಾವಿರಾರು ವರ್ಷ ಕಾಯುವುದಿಲ್ಲ. ಕೆಲವು ದಶಕ ಅಥವಾ ಕೆಲವು ಶತಮಾನಗಳಲ್ಲಿ ಎಲ್ಲವನ್ನೂ ಹೊರಹಾಕಿಬಿಡುತ್ತದೆ. ಆದ್ದರಿಂದ ನಿಜವಾಗಿ ಪ್ರಾಚೀನವಾದ ವಸ್ತುಗಳು ಸಿಗುವುದು ಕದಲದೆ ನಿಂತ ಹಿಮದಲ್ಲಿ. ಬಂಡೆಯ ಕುಳಿಗಳಲ್ಲಿ, ಬಿಸಿಲು ತಾಗದ ಓರೆಗಳಲ್ಲಿ ಇಂಥ ಹಿಮದ ತೇಪೆಗಳು ಇರುತ್ತವೆ. ಅಲ್ಲಿ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಚಳಿಗೆ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಗೆದ್ದಲಂತೂ ಅಲ್ಲಿಗೆ ಹೋಗಲಾರದು.

ಐದು ಸಾವಿರ ವರ್ಷದ ದಾರಿಹೋಕ

1991ರ ಸೆಪ್ಟೆಂಬರ್ 19ರಂದು ಜರ್ಮನಿಯ ದಂಪತಿಗಳು ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯ ಮತ್ತು ಇಟಲಿಯ ಗಡಿಯ ಬಳಿ, 3,210 ಮೀಟರ್ ಎತ್ತರದಲ್ಲಿ ನಡೆದುಹೋಗುತ್ತಿದ್ದರು. ಕರಗಿದ ಹಿಮದ ನೀರಿನಲ್ಲಿ ಒಂದು ಶವ ಅರ್ಧ ಹೊರಗೆ ಕಾಣಿಸಿತು. ಎಲ್ಲರೂ ಇತ್ತೀಚೆಗೆ ಸತ್ತ ಯಾರೋ ಚಾರಣಿಗನೆಂದೇ ತಿಳಿದರು. ಹಿಮ ಒಡೆಯುವ ಯಂತ್ರ ಹಿಡಿದು ಶವವನ್ನು ಬಿಡಿಸಲು ಹೋಗಿ ಅದರ ಸೊಂಟಕ್ಕೆ ಗಾಯ ಮಾಡಿದರು. ಪಕ್ಕದಲ್ಲಿದ್ದ ಬಿಲ್ಲನ್ನು ಎಳೆಯುವಾಗ ಅದು ಮುರಿಯಿತು. ಆಮೇಲೆ ಪರೀಕ್ಷಿಸಿದಾಗ ಆ ಮನುಷ್ಯ ಸುಮಾರು 5,300 ವರ್ಷಗಳ ಹಿಂದಿನವನೆಂದು ತಿಳಿಯಿತು! ಸಿಕ್ಕ ಕಣಿವೆಯ ಹೆಸರಿನಿಂದ ಅವನಿಗೆ ‘ಓಟ್ಜಿ’ ಎಂದು ಹೆಸರಾಯಿತು.

ಓಟ್ಜಿಯ ಬಳಿ ಹಿಡಿಯ ಸಮೇತ ತಾಮ್ರದ ಕೊಡಲಿ ಇತ್ತು. ಕರಡಿಯ ಚರ್ಮದ ಟೋಪಿ, ಹುಲ್ಲು ತುಂಬಿದ ಪಾದರಕ್ಷೆ, ಮರದ ತೊಗಟೆಯ ಡಬ್ಬಿ, ಚರ್ಮದ ಬತ್ತಳಿಕೆ ಇದ್ದವು. ಬತ್ತಳಿಕೆಯಲ್ಲಿ 14 ಬಾಣಗಳು. ಅವುಗಳಲ್ಲಿ ಎರಡು ಮಾತ್ರ ಪೂರ್ಣಗೊಂಡಿದ್ದವು. ಹೊಟ್ಟೆಯಲ್ಲಿ ಕಾಡುಮೇಕೆಯ ಮಾಂಸ ಮತ್ತು ಗೋಧಿಯ ಒಂದು ಹಳೆಯ ಜಾತಿಯ ಕಾಳಿನ ಅಂಶಗಳಿದ್ದವು. 2001ರಲ್ಲಿ ಎಕ್ಸ್-ರೇ ಚಿತ್ರ ನೋಡುತ್ತಿದ್ದಾಗ ಎಡಭುಜದಲ್ಲಿ ಬಾಣದ ಕಲ್ಲಿನ ಮೊನೆ ಕಂಡಿತು. ಯಾರೋ ಹಿಂದಿನಿಂದ ಹೊಡೆದಿದ್ದರು.

ಇದೇ ಮನುಷ್ಯ ಬಯಲಿನ ಮಣ್ಣಿನಲ್ಲಿ ಹೂತಿದ್ದರೆ ಏನು ಉಳಿಯುತ್ತಿತ್ತು? ತಾಮ್ರದ ಒಂದು ಅಲಗು, ಚಕಮಕಿ ಕಲ್ಲಿನ ಕೆಲವು ಚೂರುಗಳು, ಬಹುಶಃ ಒಂದಿಷ್ಟು ಮೂಳೆ. ಅವನು ತೊಟ್ಟದ್ದು, ಹೊತ್ತದ್ದು, ಉಂಡದ್ದು ಯಾವುದೂ ತಿಳಿಯುತ್ತಿರಲಿಲ್ಲ. ನಾವು ‘ಶಿಲಾಯುಗ’, ‘ತಾಮ್ರಯುಗ’ ಎಂದು ಪಾಠದಲ್ಲಿ ಓದುತ್ತೇವೆ. ಆ ಕಾಲದ ಜನ ಕಲ್ಲು, ತಾಮ್ರಗಳಿಗಿಂತ ಹೆಚ್ಚಾಗಿ ಬಳಸಿದ್ದು ಮರ, ಚರ್ಮ, ನಾರು, ಹುಲ್ಲುಗಳನ್ನೇ. ಕೊಳೆಯದೆ ಉಳಿದವು ಮಾತ್ರ ಯುಗಗಳಿಗೆ ಹೆಸರಾದವು, ಅಷ್ಟೆ.

ಅಜ್ಜಿ ಗುರುತಿಸಿದ ಕಡ್ಡಿ

ಓಟ್ಜಿಯ ನಂತರ ಬೇರೆ ಕಡೆಗಳಲ್ಲೂ ಜನ ಹಿಮದತ್ತ ಕಣ್ಣು ತಿರುಗಿಸಿದರು. ಕೆನಡಾದ ಯೂಕಾನ್ ಪ್ರಾಂತ್ಯದಲ್ಲಿ 1997ರಲ್ಲಿ ಕರಗಿದ ಹಿಮದಂಚಿನಲ್ಲಿ ಹಿಮಸಾರಂಗಗಳ ಹಿಕ್ಕೆಯ ರಾಶಿ ಕಂಡಿತು. ಅದರ ನಡುವೆ ಬೇಟೆಗಾರರ ಈಟಿಯ ಮರದ ತುಂಡು ಸಿಕ್ಕಿತು. ವಯಸ್ಸು 4 ಸಾವಿರ ವರ್ಷಕ್ಕೂ ಹೆಚ್ಚು. ನಾರ್ವೆಯಲ್ಲಿ 2006ರ ಬಿಸಿ ಶರತ್ಕಾಲದ ನಂತರ ಪುರಾತತ್ವಜ್ಞರು ಪ್ರತಿ ವರ್ಷವೂ ಬೆಟ್ಟ ಹತ್ತಿ ಹುಡುಕತೊಡಗಿದರು. ಅಲ್ಲಿನ ಲೆಂಡ್‌ಬ್ರೀನ್ ಎಂಬ ಕಣಿವೆದಾರಿಯಲ್ಲಿ 2011ರಲ್ಲಿ ಉಣ್ಣೆಯ ಒಂದು ಅಂಗಿ ಸಿಕ್ಕಿತು. ಸುಮಾರು 1,700 ವರ್ಷ ಹಳೆಯದು. ಹರಿದಲ್ಲಿ ತೇಪೆ ಹಾಕಿ ಹೊಲಿದದ್ದು. ಯಾವ ಅರಸನದ್ದೂ ಅಲ್ಲ, ಯಾರೋ ಸಾಮಾನ್ಯ ದಾರಿಹೋಕನದು.

ಅದೇ ದಾರಿಯಲ್ಲಿ ಇನ್ನೊಂದು ಸಣ್ಣ ವಸ್ತು ಸಿಕ್ಕಿತು. ಎರಡೂ ತುದಿಯಲ್ಲಿ ಕೊರೆದ ಒಂದು ಪುಟ್ಟ ಮರದ ಕಡ್ಡಿ. ತಜ್ಞರಿಗೆ ಅದೇನೆಂದು ತಿಳಿಯಲಿಲ್ಲ. ಪ್ರದರ್ಶನಕ್ಕೆ ಇಟ್ಟಾಗ ಅದನ್ನು ನೋಡಲು ಬಂದ ಆ ಊರಿನ ಅಜ್ಜಿಯೊಬ್ಬರು ತಕ್ಷಣ ಗುರುತಿಸಿದರು. ಮೇಕೆಮರಿ, ಕುರಿಮರಿಗಳು ತಾಯಿಯ ಹಾಲು ಕುಡಿಯದಂತೆ ಬಾಯಿಗೆ ಅಡ್ಡಲಾಗಿ ಕಟ್ಟುವ ಕಡ್ಡಿಯದು; 1930ರ ದಶಕದವರೆಗೂ ಅಲ್ಲಿನ ಮನೆಗಳಲ್ಲಿ ಬಳಕೆಯಲ್ಲಿತ್ತು. ನಮ್ಮಲ್ಲಿ ಕರುವಿನ ಮೂತಿಗೆ ಕುಕ್ಕೆ ಕಟ್ಟುವುದಿಲ್ಲವೆ, ಅಂಥದೇ ಉಪಾಯ. ಕಡ್ಡಿಯ ಕಾಲ ಪರೀಕ್ಷಿಸಿದಾಗ 11ನೆಯ ಶತಮಾನವೆಂದು ಬಂತು. ಸಾವಿರ ವರ್ಷದ ವಸ್ತುವಿನ ಅರ್ಥ ಪುಸ್ತಕದಲ್ಲಿರಲಿಲ್ಲ, ಅಜ್ಜಿಯ ನೆನಪಿನಲ್ಲಿತ್ತು.

ಇದೆಲ್ಲ ಸಂತಸದ ಸುದ್ದಿಯಂತೆ ಕಂಡರೂ ಇದರ ಹಿಂದೆ ಆತಂಕವಿದೆ. ಹೊಸ ವಸ್ತುಗಳು ಸಿಗುತ್ತಿರುವುದು ಭೂಮಿ ಬಿಸಿಯಾಗಿ ಹಿಮ ಕರಗುತ್ತಿರುವುದರಿಂದ. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿದ್ದು ಈ ಕಳವಳದಿಂದಲೇ. ಸಾವಿರಾರು ವರ್ಷ ಹಿಮದಡಿ ಭದ್ರವಾಗಿದ್ದ ಚರ್ಮ, ನಾರು, ಗರಿಗಳು ಒಮ್ಮೆ ಬಿಸಿಲು ಗಾಳಿಗೆ ತೆರೆದುಕೊಂಡರೆ ಬೇಗ ಹಾಳಾಗುತ್ತವೆ. ಮರ ಸೀಳುತ್ತದೆ, ಚರ್ಮ ಸುರುಟಿ ಪುಡಿಯಾಗುತ್ತದೆ. ಕಂಡವರು ಆಗಲೇ ಎತ್ತಿ ಕಾಪಾಡದಿದ್ದರೆ ಮುಂದಿನ ಬೇಸಿಗೆಗೆ ಅದು ಇರುವುದಿಲ್ಲ.

ರೂಪಕುಂಡ ಹೇಳುವ ಮಾತು

ಹಾಗೆಂದು ಕಂಡದ್ದನ್ನೆಲ್ಲ ಯಾರೆಂದರೆ ಅವರು ಎತ್ತಿಕೊಳ್ಳಬಹುದೆ? ಅದಕ್ಕೆ ಉತ್ತರ ನಮ್ಮ ಹಿಮಾಲಯದಲ್ಲೇ ಇದೆ. ಉತ್ತರಾಖಂಡದ ರೂಪಕುಂಡ 5 ಸಾವಿರ ಮೀಟರಿಗೂ ಎತ್ತರದಲ್ಲಿರುವ ಒಂದು ಪುಟ್ಟ ಕೊಳ. ವರ್ಷದ ಬಹುಭಾಗ ಹೆಪ್ಪುಗಟ್ಟಿರುತ್ತದೆ. 1942ರಲ್ಲಿ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಅಲ್ಲಿ ನೂರಾರು ಜನರ ಮೂಳೆಗಳನ್ನು ಕಂಡರು. ಎಲ್ಲರೂ ಒಂದೇ ದುರಂತದಲ್ಲಿ ಸತ್ತ ಯಾತ್ರಿಕರೆಂದು ಬಹುಕಾಲ ನಂಬಲಾಗಿತ್ತು. 2019ರಲ್ಲಿ 38 ಮಂದಿಯ ಮೂಳೆಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹೊರಬಂದಾಗ ಕತೆಯೇ ಬದಲಾಯಿತು. 23 ಮಂದಿ ಭಾರತ ಉಪಖಂಡದ ಮೂಲದವರು, 7ರಿಂದ 10ನೆಯ ಶತಮಾನದ ನಡುವಿನವರು. 14 ಮಂದಿ ದೂರದ ಪೂರ್ವ ಮೆಡಿಟರೇನಿಯನ್ ಕಡೆಯ ಮೂಲದವರು, ಕೇವಲ ಎರಡು ಶತಮಾನಗಳ ಹಿಂದಿನವರು. ಇನ್ನೊಬ್ಬ ಆಗ್ನೇಯ ಏಷ್ಯಾ ಮೂಲದವ.

ಅವರು ಅಲ್ಲಿಗೆ ಏಕೆ ಹೋದರು, ಯಾರು ಯಾರ ಜೊತೆಗಿದ್ದರು ಎಂಬುದನ್ನು ಮೂಳೆಗಳು ಬಿದ್ದಿದ್ದ ರೀತಿಯೇ ಒಂದಿಷ್ಟು ಹೇಳಬಹುದಿತ್ತು. ಆದರೆ ಬಂಡೆ ಉರುಳಿ, ಹಿಮ ಸರಿದು ಅವು ಚೆದುರಿದ್ದವು. ಸಾಲದ್ದಕ್ಕೆ ಚಾರಣಕ್ಕೆ ಹೋದವರು ಮೂಳೆಗಳನ್ನು ಗುಡ್ಡೆ ಹಾಕಿದರು. ಕೆಲವರು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ಬಂದರು. ವಸ್ತು ಇದ್ದ ಜಾಗವೂ ವಸ್ತುವಿನಷ್ಟೇ ಮುಖ್ಯ. ಜಾಗ ತಪ್ಪಿದ ಮೂಳೆ ಹರಿದ ಪುಸ್ತಕದ ಒಂಟಿ ಹಾಳೆಯ ಹಾಗೆ. ಓದಬಹುದು, ಹಿಂದುಮುಂದು ತಿಳಿಯದು.

ನಮ್ಮ ಮಣ್ಣಿನ ಗುಣ

ಈಗ ಊರಿಗೆ ಬರೋಣ. ನಂದಿಬೆಟ್ಟದ ಎತ್ತರ 1,478 ಮೀಟರ್. ಅಲ್ಲಿ ಹಿಮ ನಿಲ್ಲುವುದಿಲ್ಲ. ಸಾವಯವ ವಸ್ತು ಉಳಿಯಬೇಕಾದರೆ ಅದು ಸದಾ ಹೆಪ್ಪುಗಟ್ಟಿರಬೇಕು, ಇಲ್ಲವೆ ಈಜಿಪ್ಟಿನ ಮರಳಿನಂತೆ ಸದಾ ಒಣಗಿರಬೇಕು, ಇಲ್ಲವೆ ಗಾಳಿಯಾಡದ ಕೆಸರಿನಲ್ಲಿ ಸದಾ ಮುಳುಗಿರಬೇಕು. ಈ ನಾಲ್ಕು ತಾಲ್ಲೂಕುಗಳ ಕೆಂಪು ನೆಲ ಮೂರೂ ಅಲ್ಲ. ಮಳೆಗಾಲದಲ್ಲಿ ನೆನೆಯುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಉಳಿದದ್ದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿಗೇ ಹೆಸರಾದದ್ದು. ಆದರೆ ಆ ಗೂಡಿನ ನೂಲಿನಿಂದ ನೆಯ್ದ ಸೀರೆಯೊಂದನ್ನು ಅಲ್ಲಿನ ಹೊಲದಲ್ಲೇ ಹೂಳಿದರೆ ನಮ್ಮ ಮರಿಮಕ್ಕಳಿಗೆ ಒಂದು ಎಳೆಯೂ ಸಿಗದು. ಅಂಚಿನ ಜರಿಯಲ್ಲಿ ಲೋಹವಿದ್ದರೆ ಅದರ ಗುರುತು ಉಳಿದೀತು. ಇದು ಬರಿಯ ಊಹೆಯಲ್ಲ. ಸಿಂಧೂ ನಾಗರಿಕತೆಯ ಹರಪ್ಪ ಮತ್ತು ಚನ್ಹುದಾರೋ ನೆಲೆಗಳಲ್ಲಿ ಸಿಕ್ಕ ಆಭರಣಗಳಲ್ಲಿ ರೇಷ್ಮೆಯ ಎಳೆಗಳಿವೆಯೆಂದು 2009ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. 4 ಸಾವಿರ ವರ್ಷ ಹಳೆಯ ಆ ಎಳೆಗಳು ಉಳಿದದ್ದು ತಾಮ್ರದ ಒಡವೆಗೆ ಅಂಟಿಕೊಂಡು, ಮಣಿಯ ತೂತಿನೊಳಗೆ ಅಡಗಿಕೊಂಡು.

ಹೀಗಾಗಿ ಇಲ್ಲಿನ ಭೂಮಿ ಕಾದಿಟ್ಟಿರುವುದು ಮಡಕೆಯ ಚೂರು, ತಾಮ್ರದ ಹಲಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲು. ಕ್ರಿ.ಶ. 810ರ ಸುಮಾರಿನ ಬಾಣ ಅರಸರ ತಾಮ್ರಪಟಗಳಲ್ಲಿ ನಂದಿಯ ಶಿವಾಲಯದ ಮಾತು ಬರುತ್ತದೆ. ಗಂಗರು, ಬಾಣರು, ನೊಳಂಬರು, ಚೋಳರು ಈ ನೆಲಕ್ಕಾಗಿ ಕಾದಾಡಿದವರು. ಆ ಕಾದಾಟಗಳಲ್ಲಿ, ದನ ಹಿಡಿಯಲು ಬಂದವರನ್ನು ತಡೆದ ‘ತುರುಗೊಳ್’ಗಳಲ್ಲಿ ಮಡಿದವರಿಗೆ ಊರವರು ಕಲ್ಲು ನಿಲ್ಲಿಸಿದರು. ಅವೇ ವೀರಗಲ್ಲುಗಳು. ಹಲವು ಕಲ್ಲುಗಳಲ್ಲಿ ಮೂರು ಅಂತಸ್ತುಗಳು: ಕೆಳಗೆ ಹೋರಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಹಸುಗಳ ಚಿತ್ರವಿದ್ದರೆ ಅದು ದನಗಳಿಗಾಗಿ ನಡೆದ ಕಾಳಗ. ನಾರ್ವೆಯ ತೇಪೆ ಹಾಕಿದ ಅಂಗಿಯಂತೆ ಇವೂ ಹೆಚ್ಚಾಗಿ ಸಾಮಾನ್ಯರ ನೆನಪುಗಳು. ಅರಸರ ಚರಿತ್ರೆಯಲ್ಲಿ ಎಲ್ಲೂ ಹೆಸರಿಲ್ಲದವನ ಹೆಸರು ಹೊಲದ ಬದುವಿನ ಕಲ್ಲಿನಲ್ಲಿ ಇರುತ್ತದೆ.

ರೈಸ್ ಅವರ ಪುಸ್ತಕ ಮತ್ತು ಇಂದಿನ ಹೊಲ

ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಮತ್ತು ಅವರ ಸಿಬ್ಬಂದಿ ಊರೂರು ಸುತ್ತಿ ಸುಮಾರು 9 ಸಾವಿರ ಶಾಸನಗಳನ್ನು ದಾಖಲಿಸಿದರು. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಆ ಮಾಲೆಯ 10ನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳು ಅದೇ ಸಂಪುಟದಲ್ಲಿ ತಾಲ್ಲೂಕುವಾರು ಸಂಖ್ಯೆ ಹೊತ್ತು ಕುಳಿತಿವೆ. ಯಾವ ಊರು, ಊರಿನ ಯಾವ ದಿಕ್ಕು, ಯಾವ ಗುಡಿಯ ಬಳಿ ಎಂಬ ವಿವರವೂ ಇದೆ.

ಆ ಪುಸ್ತಕ ಹಿಡಿದು ಇಂದು ಹೊರಟರೆ ಎಲ್ಲ ಕಲ್ಲುಗಳೂ ಸಿಗುತ್ತವೆಯೆ? ಬೆಂಗಳೂರಿನ ಸುತ್ತ ಹಾಗೆ ಹುಡುಕಿದವರಿಗೆ ಹಲವು ಕಲ್ಲುಗಳ ಜಾಗದಲ್ಲಿ ಬಡಾವಣೆಗಳು ಸಿಕ್ಕವು. ರಸ್ತೆ ಅಗಲವಾದಾಗ, ಹೊಲ ಮಟ್ಟ ಮಾಡಿದಾಗ, ಗುಡ್ಡವನ್ನು ಜಲ್ಲಿಗಾಗಿ ಒಡೆದಾಗ ಕಲ್ಲುಗಳು ಹೋಗುತ್ತವೆ. ನಿಧಿ ಇದೆಯೆಂಬ ಭ್ರಮೆಯಿಂದ ರಾತ್ರೋರಾತ್ರಿ ಅಗೆದು ಒಡೆಯುವವರೂ ಇದ್ದಾರೆ. ಹಾಗೆಂದು ಬರಿ ನಷ್ಟದ ಕತೆಯೇ ಅಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆದಾಗ ಒಂದು ಕಲ್ಲು ಸಿಕ್ಕಿತು. ‘ಪೆರ್ಬೊಳಲ್ ನಾಡಿ’ಗಾಗಿ ಕಾದಾಡಿ ಮಡಿದ ಕಿತ್ತಯ್ಯನ ಸ್ಮಾರಕವದು, ಸುಮಾರು ಕ್ರಿ.ಶ. 750ರದು. ಕಂಡವರು ಅದನ್ನು ಕಟ್ಟಡದ ಪಾಯಕ್ಕೆ ಹಾಕಲಿಲ್ಲ. ಹೆಬ್ಬಾಳವೆಂಬ ಹೆಸರು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದೆಂಬುದು ಅದರಿಂದ ತಿಳಿಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತ ಬಂದಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಈ ವಿಧಾನದಲ್ಲಿ ಎದ್ದು ಕಾಣುತ್ತವೆ.

ಮೊದಲು ಕಾಣುವವರು ಯಾರು?

ಓಟ್ಜಿಯನ್ನು ಮೊದಲು ಕಂಡವರು ರಜೆಗೆ ಬಂದಿದ್ದ ದಂಪತಿಗಳು. ರತ್ನದ ಪೆಟ್ಟಿಗೆ ಕಂಡವನು ಒಬ್ಬ ಪರ್ವತಾರೋಹಿ. ಕಡ್ಡಿಯನ್ನು ಗುರುತಿಸಿದ್ದು ಅಜ್ಜಿ. ವಿದ್ವಾಂಸರು ಬಂದದ್ದು ಆಮೇಲೆ. ಚಿಂತಾಮಣಿಯ ಹೊಲದಲ್ಲಿ ಉಳುವಾಗ ನೇಗಿಲಿಗೋ ಟ್ರ್ಯಾಕ್ಟರಿಗೋ ಕಲ್ಲು ತಗುಲಿದರೆ ಅದನ್ನು ಮೊದಲು ನೋಡುವವರು ಉಳುವವರು ಮತ್ತು ಅವರ ಮಕ್ಕಳೇ. ಆ ಅರ್ಧ ಗಂಟೆಯಲ್ಲಿ ಅವರು ಏನು ಮಾಡುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಲ್ಲನ್ನು ಕದಲಿಸದೆ ಇದ್ದಲ್ಲೇ ಬಿಟ್ಟು ಚಿತ್ರ ತೆಗೆಯುವುದು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟರೆ ಗಾತ್ರ ತಿಳಿಯುತ್ತದೆ. ಊರು, ದಿಕ್ಕು, ಯಾರ ಹೊಲ, ಯಾವ ಕೆರೆಯ ಬಳಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಅಕ್ಷರ ಕಾಣಲೆಂದು ಕಲ್ಲಿನ ಮೇಲೆ ಗೀಚುವುದಾಗಲಿ, ಆಸಿಡ್ ಹಾಕಿ ಉಜ್ಜುವುದಾಗಲಿ, ಆಯಿಲ್ ಪೇಂಟ್ ಬಳಿಯುವುದಾಗಲಿ ಬೇಡ. ನಾಣ್ಯ, ತಾಮ್ರಪಟ, ವಿಗ್ರಹ ಸಿಕ್ಕರೆ ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನೇ ಇದೆ. ಮಾಂಟ್ ಬ್ಲಾಂಕಿನ ರತ್ನಗಳನ್ನು ಪ್ರಾಮಾಣಿಕವಾಗಿ ಒಪ್ಪಿಸಿದ ಪರ್ವತಾರೋಹಿಗೆ 2021ರಲ್ಲಿ ಅವುಗಳ ಅರ್ಧಪಾಲನ್ನು ಅಲ್ಲಿನ ಆಡಳಿತ ಕೊಟ್ಟಿತೆಂಬುದನ್ನೂ ನೆನೆಯಬಹುದು.

ಇನ್ನೊಂದು ಕೆಲಸ ಮನೆಯ ಹಿರಿಯರನ್ನು ಕೇಳುವುದು. ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ನಂಬುವ ಸೀಮೆಯಿದು. ದೊಡ್ಡ ಬಂಡೆಗಳನ್ನು ನಿಲ್ಲಿಸಿ ಮಾಡಿದ ಪ್ರಾಚೀನ ಗೋರಿಗಳಿಗೆ ನಾಡಿನ ಹಲವೆಡೆ ‘ಪಾಂಡವರ ಮನೆ’ ಎನ್ನುತ್ತಾರೆ. ಹೆಸರು ಇತಿಹಾಸವಲ್ಲದಿರಬಹುದು, ಆದರೆ ಅಲ್ಲೇನೋ ಇದೆ ಎಂಬ ಗುರುತು ಅದರಲ್ಲಿರುತ್ತದೆ. ಯಾವ ಕಲ್ಲಿಗೆ ಯಾವ ದಿನ ಪೂಜೆ, ಯಾವ ಮನೆತನದವರು ಎಡೆ ಇಡುತ್ತಾರೆ, ಅದನ್ನು ಏನೆಂದು ಕರೆಯುತ್ತಾರೆ ಎಂಬುದು ಅಜ್ಜಿ ತಾತಂದಿರಿಗೆ ಗೊತ್ತು. ಈ ಕಡೆ ಕೆಲವರು ಕನ್ನಡದಲ್ಲಿ ಹೇಳಿಯಾರು, ಕೆಲವರು ತೆಲುಗಿನಲ್ಲಿ. ಹೇಗೆ ಹೇಳಿದರೆ ಹಾಗೆಯೇ ಬರೆದುಕೊಳ್ಳಬೇಕು.

ಕಲ್ಲು ಹಿಮದಂತೆ ಕರಗುವುದಿಲ್ಲ. ಅದಕ್ಕೆ ಇನ್ನೂ ಕೆಲವು ಶತಮಾನ ಬಿಸಿಲು ಮಳೆ ತಡೆಯುವ ಶಕ್ತಿಯಿದೆ. ಅವಸರ ಇರುವುದು ಕಲ್ಲಿನ ಬಗ್ಗೆ ಹೇಳಬಲ್ಲವರ ವಿಷಯದಲ್ಲಿ ಮತ್ತು ಅದು ನಿಂತಿರುವ ಹೊಲದ ವಿಷಯದಲ್ಲಿ. ರೈಸ್ ಅವರ ಸಂಪುಟ ಈಗ ಗಣಕೀಕೃತ ರೂಪದಲ್ಲೂ ಲಭ್ಯ. ಶಾಲೆಯ ಇತಿಹಾಸದ ಮೇಷ್ಟ್ರು ಅದರಿಂದ ತಮ್ಮ ಊರಿನ ಪುಟವನ್ನು ತೆಗೆದುಕೊಟ್ಟರೆ, ಅದರಲ್ಲಿರುವ ಕಲ್ಲುಗಳಲ್ಲಿ ಎಷ್ಟು ಈಗಲೂ ಜಾಗದಲ್ಲಿವೆ ಎಂದು ಮಕ್ಕಳು ಒಂದು ಭಾನುವಾರ ನೋಡಿ ಬರಬಹುದು.